ರಸ್ತೆಗೆ ಮುಖ ಮಾಡಿದ ಚಪ್ಪಲಿ

ಆ ಖಾಲಿ ಜಾಗವನ್ನು ಮೊದಲ ಸಲ ನೋಡಿದಾಗ ಅದು ಒಬ್ಬ ಹುಡುಗಿ ಎಂದು ನನಗೆ ಹೊಳೆಯಲಿಲ್ಲ. ಎಂಟನೇ ತರಗತಿ, ಬಾಗಿಲ ಪಕ್ಕದ ಬೆಂಚು. ನನ್ನ ಅಕ್ಕನ ಮಗಳು ಅನ್ನಪೂರ್ಣ ಅದರ ತುದಿಯಲ್ಲಿ ಕೂತು ಎಂದಿನಂತೆ ಕ್ಯಾಮೆರಾದ ಕಡೆ ಹಲ್ಲು ಕಿರಿಯುತ್ತಿದ್ದಳು. ಅವಳ ಬಲಗೈ ಮಾತ್ರ ಗಾಳಿಯಲ್ಲಿ ನಿಂತಿತ್ತು, ಯಾರದೋ ಹೆಗಲ ಮೇಲೆ ಇಟ್ಟ ಹಾಗೆ. ಕೈಯ ಕೆಳಗೆ ಹೆಗಲಿರಲಿಲ್ಲ. ಬೆಂಚಿನ ಹಲಗೆಯಿತ್ತು, ಅದರಾಚೆ ಸುಣ್ಣ ಉದುರಿದ ಗೋಡೆಯಿತ್ತು.

ಖಾಲಿಗಳನ್ನು ನೋಡುವುದೇ ನನ್ನ ಕೆಲಸ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದವನಿಗೆ ಗದಗಿನಲ್ಲಿ ಸಿಕ್ಕ ಕೆಲಸ ಅದು. ಹಳೆಯ ಹತ್ತಿ ಗೋದಾಮಿನ ಮಹಡಿಯ ಮೇಲೆ ನಮ್ಮ ಕೋಣೆ. ಕಂಪ್ಯೂಟರ್ ತೆರೆಗಳಿಗೆ ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಜಿಲ್ಲೆಯ ಎಲ್ಲ ಶಾಲೆಗಳೂ ಅಲ್ಲಿ ಕಾಣುತ್ತಿದ್ದವು. ಎದುರಿನ ಬೇವಿನ ಮರ ಕಾಣುತ್ತಿರಲಿಲ್ಲ.

‘ಅಂಗಳ’ ಎಂಬ ಸರ್ಕಾರಿ ತಾಣ ಬರುವ ಮೊದಲು ಶಾಲೆಗಳು ತಮಗೆ ತೋಚಿದಂತೆ ಮಕ್ಕಳನ್ನು ಜಾಲತಾಣಗಳಲ್ಲಿ ಹಾಕುತ್ತಿದ್ದವು. ಬಹುಮಾನ ಗೆದ್ದವನ ಚಿತ್ರ, ಫೀ ಕಟ್ಟದವನ ಹೆಸರು, ಮಗ್ಗಿ ಬಾರದೆ ಅಳುವ ಮಗುವಿನ ವಿಡಿಯೋ, ಎಲ್ಲ ಒಂದೇ ಕಡೆ. ಅಂಥ ಒಂದು ಅಳು ರಾಜ್ಯವೆಲ್ಲ ಸುತ್ತಿ ನಗುವಾಗಿ ವಾಪಸು ಬಂದ ಮೇಲೆ ಸರ್ಕಾರ ಹೊಸ ಕಟ್ಟಳೆ ಮಾಡಿತು. ಶಾಲೆ ಮುಚ್ಚಿದ ಕೋಣೆಯಾಗಬಾರದು, ಹಾಗೆಂದು ಮಗು ಪ್ರದರ್ಶನದ ಗೊಂಬೆಯೂ ಆಗಬಾರದು. ದಿನಕ್ಕೆ ಹತ್ತು ನಿಮಿಷ ಪ್ರತಿ ತರಗತಿಯೂ ಅಂಗಳದಲ್ಲಿ ತೆರೆದುಕೊಳ್ಳಬೇಕು. ಯಾರು ಬೇಕಾದರೂ ನೋಡಬಹುದು, ಕೆಳಗೆ ಎರಡು ಮಾತು ಬರೆಯಬಹುದು. ಆದರೆ ಒಪ್ಪದ ಮಗು ಕಾಣಿಸಬಾರದು.

ಒಪ್ಪಿಗೆಯನ್ನು ಬಾಯಲ್ಲಿ ಕೇಳಿದರೆ ಮಕ್ಕಳು ಹೆದರಿ ಹೂಂ ಅನ್ನುತ್ತಾರೆ. ಅದಕ್ಕೇ ಕಡಗ. ಪ್ರತಿ ಮಗುವಿನ ಮಣಿಕಟ್ಟಿನಲ್ಲಿ ಒಂದು ತೆಳುವಾದ ಬೂದು ಕಡಗ. ಕ್ಯಾಮೆರಾದ ಕೆಂಪು ದೀಪ ಹತ್ತಿದಾಗ ಅದು ನಾಡಿಯನ್ನು, ಅಂಗೈಯ ಬೆವರನ್ನು, ನರದ ಸಣ್ಣ ಬಿಗಿತವನ್ನು ಓದುತ್ತದೆ. ಮೈ ಹಿಂಜರಿದರೆ ಆ ಮಗು ಚಿತ್ರದಿಂದ ಅಳಿಸಿಹೋಗುತ್ತದೆ, ಅದರ ದನಿಯೂ ಹೋಗುತ್ತದೆ. ಅಲ್ಲಿ ಹಿಂದಿನ ಗೋಡೆ ತುಂಬಿಕೊಳ್ಳುತ್ತದೆ. ಮೇಷ್ಟ್ರು ಗದರಿಸಿದರೂ ಅಪ್ಪ ಅಮ್ಮ ಪುಸಲಾಯಿಸಿದರೂ ಮೈಯ ಮಾತೇ ಕೊನೆ. ಅದನ್ನು ಮೋಸಗೊಳಿಸಲು ಯಾರಿಗೂ ಆಗಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅದು ಒಳ್ಳೆಯ ಯಂತ್ರವೇ. ಆದರೆ ಒಂದು ಊರಿನಲ್ಲಿ ಮಕ್ಕಳು ಮೆಣಸಿನಕಾಯಿ ಬಿಡಿಸಲು ಹೋಗಿ, ಅವರ ಕಡಗಗಳು ಮಾತ್ರ ತಮ್ಮಂದಿರ, ತಂಗಿಯರ ಕೈಯೇರಿ ಶಾಲೆಗೆ ಬರುತ್ತಿದ್ದುದು ಗೊತ್ತಾಯಿತು. ಆಮೇಲೆ ಕಟ್ಟಳೆಗೆ ಒಂದು ಬಾಲ ಸೇರಿತು: ತಿಂಗಳಿಗೆ ಒಮ್ಮೆಯಾದರೂ ಮುಖ ಕಾಣದ ಮಗು ಶಾಲೆ ಬಿಟ್ಟಿದೆ ಎಂದರ್ಥ. ದಾಖಲೆಯಲ್ಲಿರುವ ತಂದೆಗೂ ತಾಯಿಗೂ ತಾನಾಗಿ ಸೂಚನೆ ಹೋಗುತ್ತದೆ, ಮಗುವಿನ ಹೆಸರು, ಶಾಲೆಯ ಹೆಸರು, ಊರು ಸಮೇತ.

ಇನ್ನೊಂದು ಬಾಲವನ್ನು ಜನ ತಾವೇ ಸೇರಿಸಿದರು. ಖಾಲಿ ಹುಡುಕುವ ಆಟ. ಯಾವ ಶಾಲೆಯ ಯಾವ ಬೆಂಚಿನಲ್ಲಿ ಯಾರು ಮಾಯವಾಗಿದ್ದಾರೆ ಎಂದು ಕಂಡುಹಿಡಿಯುವುದು. ಅನ್ನಪೂರ್ಣಳ ಚಿತ್ರದ ಕೆಳಗೆ ಆಗಲೇ ಯಾರೋ ಬರೆದಿದ್ದರು: “ಈ ಹುಡುಗಿ ದೆವ್ವದ ಹೆಗಲ ಮ್ಯಾಲ ಕೈ ಹಾಕ್ಯಾಳ ನೋಡ್ರೋ.” ಮತ್ತೊಬ್ಬ: “ದೆವ್ವ ಅಲ್ಲಲೇ, ನಾಚಿಕಿ ಬುರುಕಿ.” ಮೂರನೆಯದು ಬಹಳ ಮರ್ಯಾದೆಯಿಂದ ಬರೆದದ್ದು: “ಈ ಬೆಂಚಿನ್ಯಾಗ ಕಾಣವಲ್ಲದ ಹುಡುಗಿ ಯಾರು? ದಯವಿಟ್ಟು ಹೆಸರು ತಿಳಿಸ್ರಿ.”

ಅಡಗಿದ ಮಗುವಿನ ಹೆಸರು ಕೇಳುವುದು ನಿಷಿದ್ಧ. ಅದನ್ನು ಅಳಿಸಿದೆ. ಅಳಿಸುವಾಗ ಚಿತ್ರದ ಮೂಲೆಯಲ್ಲಿ ಇನ್ನೊಂದು ಕಂಡಿತು. ಹೊಸ್ತಿಲ ಹೊರಗೆ ಮಕ್ಕಳ ಚಪ್ಪಲಿಗಳೆಲ್ಲ ಬಾಗಿಲಿಗೆ ಮುಖ ಮಾಡಿದ್ದವು. ಒಂದು ಜೋಡಿ ಮಾತ್ರ ತಿರುಗಿ, ರಸ್ತೆಗೆ ಮುಖ ಮಾಡಿ ಕೂತಿತ್ತು.

*

ಸಂಜೆ ಮನೆಗೆ ಹೋದರೆ ಅಕ್ಕ ಕಸ್ತೂರಿ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ, ಇನ್ನೊಂದು ಕೈಯ ಬೆರಳ ತುದಿಯಿಂದ ಫೋನ್ ತೆರೆ ತಿಕ್ಕುತ್ತಿದ್ದಳು. ತೆರೆಗೆಲ್ಲ ಜೋಳದ ಹಿಟ್ಟು. ಭಾವ ಬಸ್ಸಿನ ಚಾಲಕ, ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಅಕ್ಕನಿಗೆ ಆ ಹತ್ತು ನಿಮಿಷವೇ ದಿನದ ಹಬ್ಬ.

“ನೋಡೋ ತಮ್ಮಾ, ಇವತ್ತ ಹೆಂಗ ನಕ್ಕಾಳ. ಒಂದೂ ಹಲ್ಲು ಬಿಟ್ಟಿಲ್ಲ, ಎಲ್ಲಾ ತೋರ್ಸ್ಯಾಳ.”

“ನಿನ್ನ ಹಲ್ಲ ಅವ್ವಾ,” ಎಂದಳು ಅನ್ನು.

“ನಮ್ಮವ್ವ ನನ್ನ ಹಲ್ಲು ಯಾರಿಗೂ ತೋರಿಸಲಿಲ್ಲವಾ. ಒಂದ ಫೋಟೋ ಇಲ್ಲ ನಂದು, ಲಗ್ನದ್ದ ಬಿಟ್ರ. ಅದರಾಗೂ ತಲಿ ಬಗ್ಗಿಸೀನಿ.”

ನಾನು ಅನ್ನುವನ್ನು ಕೇಳಿದೆ. “ನಿನ್ನ ಬಾಜೂಕ ಯಾರು ಕುಂದರತಾರ?”

ಅವಳ ನಗು ಕುಗ್ಗಿತು. “ಫಕ್ಕೀರವ್ವ. ಹಾಸ್ಟೆಲ್‌ದಾಕಿ. ಹೊಸದಾಗಿ ಬಂದಾಳ. ಯಾಕ ಮಾಮಾ?”

“ಚಪ್ಪಲಿ ತಿರುಗಿಸಿ ಬಿಡಾಕಿ ಅಕೀನ?”

“ಹೂಂ. ಅವರವ್ವ ಕಲಿಸ್ಯಾಳಂತ. ಮನ್ಯಾಗ ಅವರಪ್ಪ ಬಂದ ಸಪ್ಪಳಾದ್ರ ಹಿತ್ತಲಿಂದ ಸುತ್ತಿ ಬಂದು ಕಾಲು ತುರುಕಿ ಓಡೂದು. ತಿರುಗಿಸಿಕೋತ ನಿಂತ್ರ ಹೊತ್ತಾಗತೈತಿ ನೋಡು.” ಇದನ್ನು ಅವಳು ಸರಳವಾದ ಲೆಕ್ಕ ಹೇಳಿಕೊಟ್ಟಂತೆ ಹೇಳಿದಳು.

ಅಕ್ಕನ ಕೈಯ ಬಡಿತ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡುವವರೆಗೂ ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಪರಿಚಿತ. ನಾನು ದಿನವಿಡೀ ನೋಡುವ ಖಾಲಿಗಳ ಒಳಗೆ ಅದೇ ಇರುತ್ತದೆ ಎಂದು ಯಾವಾಗಲೂ ಅನ್ನಿಸುತ್ತಿತ್ತು. ಅದು ಹೀಗೆ ಅಡುಗೆಮನೆಗೆ ಬಂದು ಕೂರುತ್ತದೆ ಎಂದುಕೊಂಡಿರಲಿಲ್ಲ.

*

ಮರುವಾರ ನಮ್ಮ ಸಹಾಯವಾಣಿಗೆ ಒಂದು ಕರೆ ಬಂತು. ಹಿಂದೆ ಪಾತ್ರೆಗಳ ಸದ್ದು, ಯಾರೋ ಕೊಂಕಣಿಯಲ್ಲಿ ಕೂಗುತ್ತಿದ್ದರು.

“ಸಾಹೇಬ್ರ, ನಾ ಹುಲಿಗೆವ್ವ ಅಂತ. ಪಣಜಿ ಕಡೆ ಹೋಟೆಲ್‌ನ್ಯಾಗ ಅಡಿಗಿ ಕೆಲಸ ಮಾಡ್ತೀನ್ರಿ. ನನ್ನ ಮಗಳು ನಿಮ್ಮ ಊರಾಗ ಸಾಲಿ ಕಲೀತಾಳ. ಅಕೀ ಮುಖ ಕಾಣಂಗಿಲ್ರಿ.”

“ಅಕೀಗೆ ಇಷ್ಟ ಇಲ್ಲಂದ್ರ ಕಾಣಂಗಿಲ್ಲಮ್ಮ. ಅಂಗಳದ ನಿಯಮ ಅದು.”

“ಅಯ್ಯ, ಕಾಣಬ್ಯಾಡ್ರಿ! ಕಾಣೂದ ಬ್ಯಾಡ. ಅದನ್ನ ಹೇಳಾಕ ಮಾಡೀನಿ.”

ನಿಧಾನಕ್ಕೆ ಹೇಳಿದಳು. ಗುಳೇದಗುಡ್ಡದ ಕಡೆಯವರು. ಗಂಡ ಯಮನಪ್ಪ ಮಗಳಿಗೆ ಮದುವೆ ಗೊತ್ತು ಮಾಡಿದ್ದ. ಮಗಳಿಗೆ ಹದಿಮೂರು. ದೂರು ಕೊಟ್ಟರೆ ಮಕ್ಕಳ ಕಲ್ಯಾಣ ಸಮಿತಿಯವರು ಅವನನ್ನು ಕರೆಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಮನೆಗೆ ಬಂದವನು ಬಾಗಿಲು ಹಾಕಿಕೊಂಡು ತಾಯಿ ಮಗಳಿಬ್ಬರನ್ನೂ ಬಡಿದ. ಇವಳು ಮಗಳನ್ನು ಹೇಗೋ ಗದಗಿನ ಹಾಸ್ಟೆಲ್ಲಿಗೆ ಸೇರಿಸಿ, ತಾನು ಗೋವಾಕ್ಕೆ ಹೋದಳು. ಯಾವ ಊರಿನ ಯಾವ ಶಾಲೆ ಎಂದು ಅವನಿಗೆ ಗೊತ್ತಿಲ್ಲ.

“ಅಂವ ದಿನಾ ಎಲ್ಲಾ ಸಾಲಿ ಹುಡುಕ್ತಾನಂತ್ರಿ ಫೋನಿನ್ಯಾಗ. ನಮ್ಮ ತವರಿನವರು ಹೇಳಿದ್ರು. ಎಲ್ಲಿ ಖಾಲಿ ಕಂಡ್ರ ಅಲ್ಲಿ ಹೆಸರು ಕೇಳ್ತಾನಂತ.”

ಅಳಿಸಿದ್ದ ಆ ಮರ್ಯಾದೆಯ ಮಾತು ನೆನಪಾಯಿತು. “ನೀವು ಮಗಳನ್ನ ನೋಡೇ ಇಲ್ಲೇನು ಅಂಗಳದಾಗ?”

“ನೋಡ್ತೀನ್ರಿ, ದಿನಾ. ಚಪ್ಪಲಿ ನೋಡ್ತೀನಿ. ರಸ್ತೆ ಕಡೆ ಮುಖಾ ಮಾಡಿರ್ತಾವ. ಓ, ಬಂದಾಳ, ಉಂಡಾಳ ಅಂತ ಸಮಾಧಾನ ಆಗತೈತಿ. ಅಂವ ನಮ್ಮ ಕಾಲಿನ ಕಡೆ ಎಂದೂ ನೋಡಿದಾಂವಲ್ಲ. ಅಂವಗ ತಿಳಿಯಂಗಿಲ್ಲ.”

ಫೋನ್ ಇಟ್ಟ ಮೇಲೆ ಫಕ್ಕೀರವ್ವನ ದಾಖಲೆ ತೆರೆದೆ. ಪೋಷಕರು: ಯಮನಪ್ಪ, ಹುಲಿಗೆವ್ವ. ಕಳೆದ ಸಲ ಮುಖ ಕಂಡದ್ದು: ಇಲ್ಲವೇ ಇಲ್ಲ. ತಿಂಗಳು ತುಂಬಲು ಒಂದೇ ವಾರ ಉಳಿದಿತ್ತು.

ಮುಖ ತೋರಿಸಿದರೆ ಅಪ್ಪ ನೋಡುತ್ತಾನೆ. ತೋರಿಸದಿದ್ದರೆ ಯಂತ್ರವೇ ಅವನಿಗೆ ವಿಳಾಸ ಕಳಿಸುತ್ತದೆ. ಎಷ್ಟು ಜಾಗ್ರತೆಯಿಂದ ಕಟ್ಟಿದ ಮನೆ! ಎರಡು ಬಾಗಿಲು, ಎರಡರ ಹೊರಗೂ ಒಬ್ಬನೇ ನಿಂತಿದ್ದ.

ಕೋಣೆಯ ಮೇಲಧಿಕಾರಿ ಶಹಾಪೂರ ಮೇಡಂ ಹತ್ತಿರ ಹೋದೆ. ಅವರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಮೇಜಿನ ಮೇಲೆ ಸದಾ ಒಂದು ಡಬ್ಬಿ ಚುನಮುರಿ ಇರುತ್ತಿತ್ತು.

“ತಂದೆ ಹೆಸರು ತಗೀಬೇಕಂದ್ರ ಕೋರ್ಟ್ ಆದೇಶ ಬೇಕು, ಇಲ್ಲಾ ಅವನ ಹೆಬ್ಬೆರಳ ಗುರುತು ಬೇಕು,” ಎಂದರು.

“ಸೂಚನೆ ತಡೆ ಹಿಡಿಯಾಕ ಬರಂಗಿಲ್ಲೇನ್ರಿ ಮೇಡಂ?”

“ನಾನು ತಡೆ ಹಿಡಿದ್ರ ನಾಳೆ ಮೆಣಸಿನಕಾಯಿ ಹೊಲದ ಮಾಲಕ ಬಂದು ತಡೆ ಹಿಡಿಸ್ತಾನ. ಅದಕ್ಕ ಮನುಷ್ಯರ ಕೈಗೆ ಕೊಟ್ಟಿಲ್ಲ ಅದನ್ನ.” ಡಬ್ಬಿ ನನ್ನ ಕಡೆ ಸರಿಸಿದರು. “ತಿನ್ನು. ಮುಖಾ ಬಾಡೇತಿ.”

ಅವರ ಮಾತು ಸುಳ್ಳಾಗಿರಲಿಲ್ಲ. ತಪ್ಪಿದ್ದರೆ ಜಗಳವಾಡಬಹುದಿತ್ತು.

*

ಆ ಸಂಜೆ ಊಟಕ್ಕೆ ಕೂತಾಗ ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು, ಮಕ್ಕಳ ದಾಖಲೆ ಮನೆಗೆ ತರುವ ಹಾಗಿಲ್ಲ. ಅನ್ನು ಪುಂಡಿಪಲ್ಯ ಬೆರಳಲ್ಲಿ ಕಲೆಸುತ್ತ ಕೇಳಿಸಿಕೊಂಡಳು.

“ಮಾಮಾ, ಒಬ್ಬಾಕಿ ಕಾಣಲಿಲ್ಲಂದ್ರ ಸಾಲಿ ಬಿಟ್ಟಾಳ ಅಂತ ತಿಳೀತೈತಿ ನಿಮ್ಮ ಯಂತ್ರ. ಎಲ್ಲಾರೂ ಕಾಣಲಿಲ್ಲಂದ್ರ?”

“ಎಲ್ಲಾರೂ ಅಂದ್ರ?”

“ಇಡೀ ಕ್ಲಾಸು.”

ತರಗತಿಗೆ ತರಗತಿಯೇ ಕಾಣದಿದ್ದರೆ ಯಂತ್ರ ಮಕ್ಕಳನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ. ಕಡಗಗಳು ಕೆಟ್ಟಿವೆ ಎಂದು ತಿಳಿದು ಆ ತರಗತಿಯ ಲೆಕ್ಕವನ್ನು ದುರಸ್ತಿಯಾಗುವವರೆಗೆ ನಿಲ್ಲಿಸಿಬಿಡುತ್ತದೆ. ನಾನು ಅದನ್ನು ಹೇಳಿದೆ. ಯಾಕೆ ಕೇಳಿದಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

“ಆದ್ರ ಸುಳ್ಳು ನಡಿಯಂಗಿಲ್ಲ ಅನ್ನೂ. ಬ್ಯಾಡ ಅಂತ ಮೈಗೇ ಅನಸಬೇಕು.”

“ನಿಂದ ಮೊದಲು ಆಗಂಗಿಲ್ಲ ಬಿಡವಾ,” ಎಂದಳು ಅಕ್ಕ. “ಕ್ಯಾಮೆರಾ ಅಂದ್ರ ಬೆಕ್ಕಿಗೆ ಮೀನು ತೋರ್ಸಿದಂಗ ಮಾಡ್ತೀ.”

ಎರಡು ದಿನದ ನಂತರ ಕೆಂಪು ದೀಪ ಹತ್ತಿದಾಗ ನಾನು ಆ ತರಗತಿಯ ತೆರೆಯ ಮುಂದೆಯೇ ನಿಂತಿದ್ದೆ. ಮಕ್ಕಳ ಮುಖಗಳು ಬಿಗಿದಿದ್ದವು. ಕೆಲವರು ಕಣ್ಣು ಮುಚ್ಚಿದ್ದರು, ಒಬ್ಬ ಉಸಿರು ಹಿಡಿದು ಕೆಂಪಾಗಿದ್ದ. ಏಳೆಂಟು ಮಂದಿ ಮಾತ್ರ ಅಳಿಸಿಹೋದರು. ಉಳಿದವರೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದರು, ಎಲ್ಲರಿಗಿಂತ ಸ್ಪಷ್ಟವಾಗಿ ಅನ್ನು. ಅವಳು ಹುಬ್ಬು ಗಂಟಿಕ್ಕಿದ್ದಳು. ಆದರೂ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತಿದ್ದಳು.

ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. “ನನಗ ಬ್ಯಾಡ ಅನಸೂದ ಇಲ್ಲ ಮಾಮಾ. ಬಾಯಿಲೆ ಬ್ಯಾಡ ಅಂತೀನಿ. ಮೈಯೆಲ್ಲಾ ಹೂಂ ಅಂತೈತಿ. ನಾ ಕೆಟ್ಟಾಕಿ ಏನು?”

“ಅಲ್ಲ. ನಿನಗ ಅಂಜಿಕಿ ಗೊತ್ತಿಲ್ಲ, ಅಷ್ಟ.”

ಅವಳು ಮೂಗೊರೆಸಿಕೊಂಡು ಬಹಳ ಹೊತ್ತು ನನ್ನನ್ನು ನೋಡಿದಳು. ಆ ನೋಟದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ.

*

ತಿಂಗಳು ತುಂಬುವ ಹಿಂದಿನ ದಿನ ದೀಪ ಹತ್ತಿತು. ಮೊದಲು ಫಕ್ಕೀರವ್ವ ಒಬ್ಬಳನ್ನು ಬಿಟ್ಟು ಎಲ್ಲರೂ ಕಂಡರು. ಅನ್ನುವಿನ ಕೈ ಹೆಗಲ ಎತ್ತರದಲ್ಲಿರಲಿಲ್ಲ, ಬೆಂಚಿನ ಮೇಲಿತ್ತು. ಬೆರಳುಗಳು ಕಾಣದ ಏನನ್ನೋ ಹಿಡಿದಿದ್ದವು. ಅವಳ ಇನ್ನೊಂದು ಕೈ ಹಿಂದಿನ ಬೆಂಚಿನ ಹುಡುಗಿಯ ಕೈಯಲ್ಲಿ, ಅವಳದು ಪಕ್ಕದವಳ ಕೈಯಲ್ಲಿ, ಹೀಗೆ ಕೊನೆಯ ಬೆಂಚಿನ ಹುಡುಗರವರೆಗೆ. ನಾನು ನೋಡುತ್ತಿದ್ದಂತೆ ಅನ್ನುವಿನ ತುಟಿ ಮೊದಲು ಬಿಳಿಚಿತು. ಆಮೇಲೆ ಅವಳು ಇರಲಿಲ್ಲ. ಅವಳ ಹಿಂದಿನವಳು ಇರಲಿಲ್ಲ. ಬೆಂಚಿನಿಂದ ಬೆಂಚಿಗೆ, ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹೋದ ಹಾಗೆ, ಇಡೀ ತರಗತಿ ಅಳಿಸಿಹೋಯಿತು.

ಉಳಿದವರು ನದಾಫ ಸರ್ ಒಬ್ಬರೇ, ಗುರುಗಳಿಗೆ ಕಡಗವಿಲ್ಲ. ಅವರು ಖಾಲಿ ಬೆಂಚುಗಳ ಮುಂದೆ ನಿಂತು ಏನೋ ಪ್ರಶ್ನೆ ಕೇಳಿದರು. ಕಿವಿಗೊಟ್ಟು ಕೇಳಿಸಿಕೊಂಡರು. ತಲೆದೂಗಿದರು. ಆಮೇಲೆ ಬೆನ್ನು ತಿರುಗಿಸಿ ಕಪ್ಪುಹಲಗೆಯ ಮೇಲೆ ಬರೆಯತೊಡಗಿದರು, ಹತ್ತು ನಿಮಿಷವೂ ತಿರುಗಲಿಲ್ಲ.

“ಕಡಗ ಕೆಟ್ಟಾವೇನು?” ಶಹಾಪೂರ ಮೇಡಂ ನನ್ನ ಹಿಂದೆ ಬಂದು ನಿಂತಿದ್ದರು.

ನಾನು ಪಕ್ಕಕ್ಕೆ ಸರಿದೆ. ಕಡಗಗಳ ನಾಡಿ ತೆರೆಯ ಪಕ್ಕದಲ್ಲೇ ಓಡುತ್ತಿತ್ತು. ಮೂವತ್ತು ಚಿಲ್ಲರೆ ಗೆರೆಗಳು, ಎಲ್ಲ ಒಂದೇ ತಾಳದಲ್ಲಿ ಎದ್ದು ಬೀಳುತ್ತಿದ್ದವು. ಕೆಟ್ಟ ಯಂತ್ರ ಹಾಗೆ ಓಡುವುದಿಲ್ಲ. ಅವರು ಅದನ್ನು ನೋಡಿದರು. ಚುನಮುರಿಯ ಎರಡು ಕಾಳು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು.

“ದುರಸ್ತಿಗೆ ಬರದು ಕಳಿಸು,” ಎಂದರು.

“ದುರಸ್ತಿಯವರು ಯಾವಾಗ ಬರ್ತಾರ್ರಿ?”

“ನಮ್ಮ ಫ್ಯಾನ್ ಕೆಟ್ಟು ಎಷ್ಟ ದಿನ ಆತು?”

“ಹೋದ ಬ್ಯಾಸಗಿಗೆ ಕೆಟ್ಟದ್ದರಿ.”

“ಹಂಗ ಇವರೂ ಬರ್ತಾರ,” ಎಂದು ತಮ್ಮ ಕುರ್ಚಿಗೆ ಹೋದರು.

ಲೆಕ್ಕ ನಿಂತಿತು. ಸೂಚನೆ ಹೋಗಲಿಲ್ಲ. ಖಾಲಿ ಹುಡುಕುವವರು ಎರಡು ದಿನ ನಕ್ಕು, ಹುಡುಕಲು ಏನೂ ಇಲ್ಲದೆ ಬೇರೆ ಶಾಲೆಗಳಿಗೆ ಹೋದರು. ಯಮನಪ್ಪನೂ ಒಮ್ಮೆ ಅಂಗಳಕ್ಕೆ ಬಂದ, ಅದೇ ಮರ್ಯಾದೆಯ ಮಾತು. “ಈ ಸಾಲಿ ಬಂದ್ ಆಗೇತೇನ್ರಿ?” ಎಂದು ಚಿತ್ರದ ಕೆಳಗೆ ಬರೆದು ಹೋದ.

ಮನೆಯಲ್ಲಿ ಅನ್ನುವನ್ನು ಕೇಳಿದೆ. “ಏನ್ ಮಾಡಿದ್ರಿ?”

“ಅಕೀ ಕೈ ಹಿಡಕೊಂಡೆ, ಅಷ್ಟ. ದೀಪ ಹತ್ತಿದಾಗ ಅಕೀ ಕೈ ಥಂಡಗಾಗಿ ನಡಗತೈತಿ ಮಾಮಾ. ಮೊದಲು ನನಗ ಏನೂ ಆಗಲಿಲ್ಲ. ಆಮ್ಯಾಲ ನನ್ನ ಕೈಗೂ ಬಂತು.” ತನ್ನ ಅಂಗೈಯನ್ನು ತಾನೇ ನೋಡಿಕೊಂಡಳು. “ಹಿಂಗ ಇರತೈತಿ ಅಂತ ಗೊತ್ತ ಇರಲಿಲ್ಲ.”

ಅಕ್ಕ ಮೊದಲ ವಾರ ಹೆಮ್ಮೆಪಟ್ಟಳು. ಎರಡನೆಯ ವಾರ ಫೋನ್ ತೆರೆದು, ಖಾಲಿ ಬೆಂಚು ನೋಡಿ, ಮುಚ್ಚಿಟ್ಟಳು. ಓಣಿಯ ಬೇರೆ ತಾಯಂದಿರು ಶಾಲೆಗೆ ಹೋಗಿ ಗೊಣಗಿ ಬಂದರು. ಒಂದು ಸಂಜೆ ಅಕ್ಕ ನನ್ನನ್ನು ನೋಡದೆ ಹೇಳಿದಳು: “ಅನ್ನು ಈಗ ಬಾಗಿಲಾ ಬಡದ್ರ ಬೆಚ್ಚಿ ಬೀಳ್ತಾಳ ತಮ್ಮಾ. ಮೊದಲು ಹಂಗ ಇರಲಿಲ್ಲ.”

ನನಗೂ ಅದು ಕಂಡಿತ್ತು. ಒಬ್ಬಳ ಭಯವನ್ನು ಮೂವತ್ತು ಕೈಗಳಿಗೆ ಹಂಚಿದರೆ ಕಡಿಮೆಯಾಗುತ್ತದೋ, ಮೂವತ್ತರಷ್ಟಾಗುತ್ತದೋ? ನಾನು ಓದಿದ ಪುಸ್ತಕಗಳು ಇದನ್ನು ಹೇಳಿರಲಿಲ್ಲ. ಹಲಗೆ ಹೊಡೆದ ಕಿಟಕಿಗಳ ಆ ಕೋಣೆಯಲ್ಲಿ ಕೂತು ಹಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಮಕ್ಕಳು ದಿನಕ್ಕೆ ಹತ್ತು ನಿಮಿಷ ಹೆದರಬೇಕು. ಹೆದರಿಕೆ ನಿಂತ ದಿನ ಎಲ್ಲರೂ ಕಾಣುತ್ತಾರೆ. ಅವರು ಧೈರ್ಯವಾಗಿರಲಿ ಎಂದು ಹಾರೈಸುವ ಹಕ್ಕನ್ನೂ ನಾನು ಕಳೆದುಕೊಂಡಿದ್ದೆ.

ಹುಲಿಗೆವ್ವನಿಗೆ ಕೋರ್ಟಿನ ದಾರಿ ಹೇಳಿದೆ. ಪರಿಚಯದ ವಕೀಲೆಯೊಬ್ಬರು ಅರ್ಜಿ ಹಾಕಿದರು. ತಾರೀಖು ಬಂತು, ಮುಂದಕ್ಕೆ ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ಅವಳು ಒಗ್ಗರಣೆಯ ಸದ್ದಿನ ನಡುವೆ ಆಗಾಗ ಕರೆ ಮಾಡಿ ಒಂದೇ ಮಾತು ಹೇಳುತ್ತಿದ್ದಳು: “ಇವತ್ತ ಚಪ್ಪಲಿ ನೋಡಿದೆ ಸಾಹೇಬ್ರ.” ಅಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು.

*

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವಳ ಕರೆ ಬಂತು. ಈ ಸಲ ಹಿಂದೆ ಪಾತ್ರೆಗಳ ಸದ್ದಿರಲಿಲ್ಲ. ಅಡುಗೆಮನೆಯಿಂದ ಹೊರಗೆ ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

“ಸಾಹೇಬ್ರ, ಇವತ್ತ ಬಂದಿಲ್ಲೇನ್ರಿ? ಎಲ್ಲಿ ಹೋದಳ್ರಿ? ಅಂವ ಏನರ ಬಂದಿದ್ದನೇನ್ರಿ?”

“ತಡೀರಿ, ತಡೀರಿ. ಯಾಕ?”

“ಚಪ್ಪಲಿ ಇಲ್ರಿ!”

ತೆರೆ ತಿರುಗಿಸಿದೆ. ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ. ಖಾಲಿ ಬೆಂಚುಗಳು. ನದಾಫ ಸರ್ ಬೆನ್ನು. ಪಕ್ಕದಲ್ಲಿ ನಾಡಿಯ ಗೆರೆಗಳು. ಫಕ್ಕೀರವ್ವನ ಗೆರೆ ಅಲ್ಲೇ ಇತ್ತು, ಉಳಿದವರ ಜೊತೆ ಏರಿ ಇಳಿಯುತ್ತಿತ್ತು. ಆದರೆ ಅದು ಗೆರೆ ಮಾತ್ರ. ಕಡಗ ಯಾರ ಕೈಯಲ್ಲಿ ಬೇಕಾದರೂ ಇರಬಹುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯ ಕಚೇರಿಗೆ ಇನ್ನೊಂದು ಫೋನಿನಿಂದ ಕರೆ ಮಾಡಿದೆ. ಅಡುಗೆಯ ಅಮ್ಮ ಎತ್ತಿ, ಬಾಗಿಲವರೆಗೆ ಹೋಗಿ ಇಣುಕಿ ಬಂದಳು. “ಅದಾಳಲ್ರೀ, ಅನ್ನಪೂರ್ಣನ ಬಾಜೂಕ. ಕೈ ಕೈ ಹಿಡಕೊಂಡು ಕುಂತಾವ ಎಲ್ಲಾ.”

“ಬಂದಾಳ,” ಎಂದೆ ಹುಲಿಗೆವ್ವನಿಗೆ. “ನೋಡಿದವರು ಹೇಳಿದ್ರು. ಕ್ಲಾಸಿನ್ಯಾಗ ಅದಾಳ.”

“ಹಂಗಾರ ಚಪ್ಪಲಿ?”

ಹೊಸ್ತಿಲನ್ನು ದೊಡ್ಡದು ಮಾಡಿ ನೋಡಿದೆ. ಹರಿದವು, ಹೊಸವು, ಒಂದಕ್ಕೆ ನೀಲಿ ದಾರದ ಹೊಲಿಗೆ. ಒಂದರ ಮೇಲೊಂದು ಹತ್ತಿ ಬಿದ್ದಿದ್ದವು, ಓಡಿ ಬಂದು ಕಾಲಿಂದ ಕೊಡವಿ ಒಳಗೆ ಹೋದ ಮಕ್ಕಳು ಬಿಡುವ ಹಾಗೆ. ರಸ್ತೆಗೆ ಮುಖ ಮಾಡಿದ್ದು ಒಂದೂ ಇರಲಿಲ್ಲ.

“ಎಲ್ಲಾ ಒಳಗ ಮುಖಾ ಮಾಡ್ಯಾವ್ರಿ,” ಎಂದೆ. “ಅಕೀದೂ ಅದರಾಗ ಐತಿ.”

ಎಲ್ಲೋ ದೂರದಲ್ಲಿ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಮತ್ತೊಮ್ಮೆ ಕೂಗಿದರು.

“ಎಷ್ಟ ಹೇಳಿದ್ದೆ ಸಾಹೇಬ್ರ,” ಎಂದಳು ಕೊನೆಗೆ. “ಎಲ್ಲಿ ಹೋದ್ರೂ ಹೊರಗ ಮುಖಾ ಮಾಡಿ ಬಿಡು, ಮರೀಬ್ಯಾಡ ಅಂತ. ಮರತಾಳ.”

“ಹೇಳ್ತೀನ್ರಿ ಅಕೀಗೆ. ನಮ್ಮ ಅನ್ನು ಕಡೆ ಇವತ್ತ ಹೇಳಿ ಕಳಿಸ್ತೀನಿ.”

“ಬ್ಯಾಡ್ರಿ.”

ತೆರೆಯ ಮೇಲೆ ಕೆಂಪು ದೀಪ ಆರಿ, ತರಗತಿ ಮುಚ್ಚಿಕೊಂಡಿತು. ಕಪ್ಪು ತೆರೆಯಲ್ಲಿ ಹಲಗೆ ಹೊಡೆದ ಕಿಟಕಿಯೂ ನನ್ನ ಮುಖವೂ ಕಂಡವು. ಅವಳು ಇನ್ನೂ ಫೋನಿನಲ್ಲಿದ್ದಳು.

“ಹೇಳಬ್ಯಾಡ್ರಿ ಸಾಹೇಬ್ರ. ಮರೀಲಿ.”